ಒಂದೇ ಮನೆ, ಎರಡು ರೂಟರ್: ಎರಡು ನೆಟ್‌ವರ್ಕ್‌ಗಳ ನಡುವೆ ದಾರಿ ಮಾಡುವ ಸಮಗ್ರ ಮಾರ್ಗದರ್ಶಿ

ಕೆಳಗಿನ ಮನೆಯಲ್ಲಿ ಫೈಬರ್ ಕಂಪನಿ ಕೊಟ್ಟ ರೂಟರ್, ಮಹಡಿಯಲ್ಲಿ ಆಮೇಲೆ ಕೊಂಡು ತಂದ ಇನ್ನೊಂದು. ಇಂಟರ್ನೆಟ್ ಎರಡರಲ್ಲೂ ಬರುತ್ತದೆ. ಆದರೆ ಮಹಡಿಯ ನ್ಯಾಸ್, ಅಂದರೆ ನೆಟ್‌ವರ್ಕಿಗೆ ಜೋಡಿಸಿದ ಫೈಲ್ ಪೆಟ್ಟಿಗೆಯಲ್ಲಿರುವ ಫೋಟೋಗಳು ಕೆಳಗಿನ ಕಂಪ್ಯೂಟರಿಗೆ ಸಿಗುವುದಿಲ್ಲ, ಕೆಳಗಿನ ಪ್ರಿಂಟರ್ ಮಹಡಿಯ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಬರುವುದಿಲ್ಲ, ಸಿಸಿಟಿವಿ ನೋಡಬೇಕೆಂದರೆ ಫೋನಿನ ವೈಫೈ ಬದಲಿಸಬೇಕು. ಇದನ್ನು ಸರಿಮಾಡಲು ಹೊಸ ಸಾಮಾನು ಬೇಕಾಗುವುದು ಅಪರೂಪ. ಸೆಟ್ಟಿಂಗ್ ಬದಲಿಸಿದರೆ ಸಾಕು. ಯಾವ ಸೆಟ್ಟಿಂಗ್ ಎನ್ನುವುದು ನಿಮಗೆ ಒಂದು ನೆಟ್‌ವರ್ಕ್ ಬೇಕೋ ಎರಡು ಬೇಕೋ ಎಂಬುದನ್ನು ಅವಲಂಬಿಸಿದೆ. ಹತ್ತರಲ್ಲಿ ಎಂಟು ಮನೆಗಳಿಗೆ ಒಂದೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇವೆ. ಬಾಡಿಗೆಯವರು, ಆಫೀಸಿನ ಲ್ಯಾಪ್‌ಟಾಪ್, ಎರಡು ಕಂಪನಿಗಳ ಸಂಪರ್ಕ ಇಂಥ ಕಾರಣಗಳಿಗೆ ಎರಡನ್ನೂ ಬೇರೆಯಾಗಿಯೇ ಇಟ್ಟುಕೊಂಡು ನಡುವೆ ದಾರಿ ಬಿಡಬೇಕಾದವರಿಗೆ ಉಳಿದ ಭಾಗ.

ಈಗ ಏನಾಗಿದೆ ಎಂದು ಮೊದಲು ನೋಡಿ

ಫೋನನ್ನು ಕೆಳಗಿನ ವೈಫೈಗೆ ಸೇರಿಸಿ, ಆ ವೈಫೈ ಹೆಸರಿನ ವಿವರಗಳನ್ನು ತೆರೆದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಸಾಧನದ ಸಂಖ್ಯೆ) ಮತ್ತು ಗೇಟ್‌ವೇ (ಹೊರಗೆ ಹೋಗುವ ಬಾಗಿಲಾದ ರೂಟರಿನ ವಿಳಾಸ) ಎರಡನ್ನೂ ಬರೆದುಕೊಳ್ಳಿ. ಮಹಡಿಯ ವೈಫೈಗೂ ಹಾಗೇ ಮಾಡಿ. ಜಿಯೋಫೈಬರ್ ಪೆಟ್ಟಿಗೆಯಾದರೆ ಗೇಟ್‌ವೇ ಸಾಮಾನ್ಯವಾಗಿ 192.168.29.1, ಏರ್‌ಟೆಲ್ ಆದರೆ 192.168.1.1. ಅಂಗಡಿಯಿಂದ ತಂದ ಟಿಪಿ-ಲಿಂಕ್, ಡಿ-ಲಿಂಕ್ ರೂಟರ್‌ಗಳು ಹೆಚ್ಚಾಗಿ 192.168.0.1, ಮೈಕ್ರೋಟಿಕ್ 192.168.88.1, ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಬದಲಿ ಸಾಫ್ಟ್‌ವೇರ್) ಹಾಕಿದ್ದರೆ 192.168.1.1.

ಆಮೇಲೆ ಮಹಡಿಯ ರೂಟರಿನ ಅಡ್ಮಿನ್ ಪುಟಕ್ಕೆ (ಬ್ರೌಸರಿನಲ್ಲಿ ಅದರ ಗೇಟ್‌ವೇ ವಿಳಾಸ ಬರೆದರೆ ತೆರೆಯುತ್ತದೆ) ಹೋಗಿ ಅದರ ವ್ಯಾನ್ ವಿಳಾಸ ನೋಡಿ. ವ್ಯಾನ್ ಎಂದರೆ ಇಂಟರ್ನೆಟ್ ಬರುವ ಬದಿ, ಲ್ಯಾನ್ ಎಂದರೆ ಮನೆಯ ಸಾಧನಗಳಿರುವ ಬದಿ. ಅಲ್ಲಿ 192.168 ಎಂದು ಶುರುವಾಗುವ ವಿಳಾಸವಿದ್ದರೆ ಮಹಡಿಯ ರೂಟರ್ ಕೆಳಗಿನದರ ಒಳಗೆ ಕೂತಿದೆ, ನ್ಯಾಟ್ (ಒಳಗಿನ ವಿಳಾಸವನ್ನು ರೂಟರ್ ತನ್ನ ವಿಳಾಸಕ್ಕೆ ಬದಲಿಸಿ ಕಳಿಸುವ ಕೆಲಸ) ಎರಡು ಸಲ ಆಗುತ್ತಿದೆ ಎಂದರ್ಥ. ಎರಡೂ ಕಡೆ ಗೇಟ್‌ವೇ 192.168.1.1 ಎಂದೇ ಬಂದರೆ ಇನ್ನೊಂದು ತೊಂದರೆ: ಎರಡೂ ಬದಿಗೆ ಒಂದೇ ವಿಳಾಸದ ಸಾಲು (192.168.1ರಿಂದ ಶುರುವಾಗುವವು) ಇದೆ. ಮಹಡಿಯ ಕಂಪ್ಯೂಟರ್ 192.168.1.60ರಲ್ಲಿರುವ ಪ್ರಿಂಟರನ್ನು ಕೇಳಿದರೆ ಅದು ತನ್ನ ಬದಿಯಲ್ಲೇ ಹುಡುಕಿ ಸುಮ್ಮನಾಗುತ್ತದೆ. ಕೆಳಗೆ ಹೋಗಬೇಕು ಎಂದು ಅದಕ್ಕೆ ಅನಿಸುವುದೇ ಇಲ್ಲ. ಕೆಲವು ಹೊಸ ರೂಟರ್‌ಗಳು ಇದನ್ನು ಕಂಡುಹಿಡಿದು ತಮ್ಮ ವಿಳಾಸವನ್ನು ತಾವೇ ಬದಲಿಸಿಕೊಳ್ಳುತ್ತವೆ, ಹಳೆಯವು ಇಂಟರ್ನೆಟ್ಟೇ ಇಲ್ಲ ಎಂದು ಕೈಕಟ್ಟಿ ಕೂರುತ್ತವೆ.

ಕೇಬಲ್

ಎರಡು ರೂಟರ್‌ಗಳ ನಡುವೆ ಕೇಬಲ್ ಎಳೆಯುವುದು ಸಾಧ್ಯವಿದ್ದರೆ ಎಳೆದೇ ಬಿಡಿ. ಕ್ಯಾಟ್ 5ಇ ಅಥವಾ ಕ್ಯಾಟ್ 6, ಗರಿಷ್ಠ 100 ಮೀಟರ್. ಕೊಳ್ಳುವಾಗ ಶುದ್ಧ ತಾಮ್ರದ್ದನ್ನೇ ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಬಾಗಿಸಿದಲ್ಲಿ ಮುರಿಯುತ್ತದೆ, ಉದ್ದ ಹೆಚ್ಚಾದಂತೆ ಸಿಗ್ನಲ್ ಬೀಳುತ್ತದೆ. ಕ್ರಿಂಪ್ ಮಾಡುವಾಗ, ಅಂದರೆ ತುದಿಗೆ ಜ್ಯಾಕ್ ಕೂರಿಸುವಾಗ, ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಕೂಡಬೇಕು. ಒಂದು ತಂತಿ ಕೈಕೊಟ್ಟರೂ ಲಿಂಕ್ 100 ಎಂಬಿಪಿಎಸ್‌ಗೆ ಇಳಿಯುತ್ತದೆ, ಇಲ್ಲವೇ ಕಡಿದೇ ಹೋಗುತ್ತದೆ. 300 ಎಂಬಿಪಿಎಸ್ ಪ್ಲಾನ್ ಇದ್ದೂ ಮಹಡಿಯಲ್ಲಿ ಸರಿಯಾಗಿ 94ರ ಆಸುಪಾಸಿನಲ್ಲಿ ವೇಗ ನಿಂತಿದ್ದರೆ ಮೊದಲು ಜ್ಯಾಕ್ ನೋಡಿ. ಜ್ಯಾಕ್ ಸರಿಯಿದ್ದರೆ ರೂಟರಿನ ಪೋರ್ಟೇ 100ರದ್ದಿರಬಹುದು, ಅಗ್ಗದ ಮಾದರಿಗಳಲ್ಲಿ ಇದು ಮಾಮೂಲು.

ಕೇಬಲನ್ನು ಕರೆಂಟ್ ವೈರ್ ಇರುವ ಪೈಪಿನೊಳಗೆ ತೂರಿಸಬೇಡಿ. ಮುಖ್ಯ ಮನೆಯಿಂದ ಔಟ್‌ಹೌಸಿಗೋ ತೋಟದ ಮನೆಗೋ ಹೊರಗಿನಿಂದ ಎಳೆಯುವುದಾದರೆ ತಾಮ್ರದ ಬದಲು ಆಪ್ಟಿಕಲ್ ಫೈಬರ್ ಮತ್ತು ಎರಡು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಹಾಕುವುದು ಮೇಲು. ಮಲೆನಾಡು, ಕರಾವಳಿ ಕಡೆ ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಿ ಹೊರಗೆ ಹಾದುಹೋದ ಲ್ಯಾನ್ ಕೇಬಲ್ ಎರಡೂ ತುದಿಯ ಪೋರ್ಟ್ ಸುಟ್ಟುಹಾಕಬಹುದು. ಫೈಬರಿನ ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ.

ಕೇಬಲ್ ಎಳೆಯಲು ಆಗದಿದ್ದರೆ ವೈಫೈ ಮೂಲಕವೇ ಜೋಡಿಸಬಹುದು, ಆದರೆ ಒಂದೇ ರೇಡಿಯೋ ಎರಡೂ ಕಡೆ ಮಾತಾಡಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಒಂದೇ ನೆಟ್‌ವರ್ಕ್ ಸಾಕು ಎನ್ನುವವರಿಗೆ

ಮಹಡಿಯ ರೂಟರಿನಿಂದ ರೂಟರ್ ಕೆಲಸ ಬಿಡಿಸಿ, ಅದನ್ನು ಬರೀ ವೈಫೈ ಕೊಡುವ ಆ್ಯಕ್ಸೆಸ್ ಪಾಯಿಂಟ್ ಮಾಡುವುದು ಇಲ್ಲಿನ ಉಪಾಯ. ಸೆಟ್ಟಿಂಗ್‌ನಲ್ಲಿ ಆಪರೇಷನ್ ಮೋಡ್ ಎಂಬ ಆಯ್ಕೆ ಇದ್ದು ಅದರಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಕಂಡರೆ ಅದನ್ನು ಆರಿಸಿ ಸೇವ್ ಮಾಡಿ. ರೂಟರ್ ರೀಸ್ಟಾರ್ಟ್ ಆದ ಮೇಲೆ ಹಳೆಯ ವಿಳಾಸದಲ್ಲಿ ಅಡ್ಮಿನ್ ಪುಟ ತೆರೆಯದಿದ್ದರೆ ಕೆಟ್ಟಿತು ಎಂದುಕೊಳ್ಳಬೇಡಿ. ಅದಕ್ಕೀಗ ವಿಳಾಸ ಕೊಡುತ್ತಿರುವುದು ಕೆಳಗಿನ ರೂಟರ್. ಅಲ್ಲಿನ ಸಂಪರ್ಕಿತ ಸಾಧನಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ.

ಅಂಥ ಆಯ್ಕೆ ಇಲ್ಲದ ಹಳೆಯ ರೂಟರಿಗೆ ಕೈಯಾರೆ ಮಾಡಬೇಕು:

1. ಮಹಡಿಯ ರೂಟರಿನಿಂದ ಉಳಿದೆಲ್ಲ ಕೇಬಲ್ ತೆಗೆಯಿರಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲಿನಿಂದ ಆ ರೂಟರಿಗೆ ಜೋಡಿಸಿ.
2. ಲ್ಯಾನ್ ಸೆಟ್ಟಿಂಗ್‌ನಲ್ಲಿ ಅದರ ವಿಳಾಸವನ್ನು 192.168.1.2 ಮಾಡಿ, ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನದು ಎಂದು ಹೇಳುವ ಸಂಖ್ಯೆ) 255.255.255.0. ಕೆಳಗಿನದು 192.168.29.1 ಆಗಿದ್ದರೆ ಇದು 192.168.29.2. ಕೆಳಗಿನ ರೂಟರ್ ಹಂಚುವ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ವ್ಯಾಪ್ತಿಯೊಳಗೆ ಈ ವಿಳಾಸ ಬರಬಾರದು. ಬರುತ್ತಿದ್ದರೆ ವ್ಯಾಪ್ತಿಯನ್ನು 100ರಿಂದ 199 ಎಂದು ಕಿರಿದು ಮಾಡಿ.
3. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಡಿಎಚ್‌ಸಿಪಿ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ ಹೊರಗುಳಿಯುತ್ತೀರಿ. ಹಾಗಾದರೆ ಲ್ಯಾಪ್‌ಟಾಪಿಗೆ ರೂಟರಿನ ಸಾಲಿನದೇ ಒಂದು ವಿಳಾಸವನ್ನು ಕೈಯಾರೆ ಕೊಟ್ಟು ಒಳಗೆ ಹೋಗಬಹುದು.
4. ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಮೂರೂ ಕೆಳಗಿನದರಂತೆಯೇ ಇರಲಿ. 2.4 ಗಿಗಾಹರ್ಟ್ಸ್ ಚಾನೆಲ್ ಮಾತ್ರ ಬೇರೆ: ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11.
5. ಕೆಳಗಿನ ರೂಟರಿನ ಲ್ಯಾನ್ ಪೋರ್ಟಿನಿಂದ ಮಹಡಿಯ ರೂಟರಿನ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ವ್ಯಾನ್ ಪೋರ್ಟ್ ಖಾಲಿ ಇರಲಿ, ಅದರ ಬಾಯಿಗೆ ಒಂದು ತುಂಡು ಟೇಪ್ ಅಂಟಿಸಿದರೆ ಇನ್ನೂ ಒಳ್ಳೆಯದು.

ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಲಕ್ಷಣ ವಿಚಿತ್ರವಾಗಿರುತ್ತದೆ. ಒಂದು ಫೋನಿಗೆ ಇಂಟರ್ನೆಟ್ ಬರುತ್ತದೆ, ಪಕ್ಕದ ಫೋನಿಗೆ ಬರುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಅದಲುಬದಲು. ಯಾವ ರೂಟರ್ ಮೊದಲು ಉತ್ತರ ಕೊಟ್ಟಿತೋ ಅದರ ವಿಳಾಸ ಮತ್ತು ಗೇಟ್‌ವೇ ಆ ಫೋನಿಗೆ ಸಿಕ್ಕಿರುತ್ತದೆ, ಅಷ್ಟೇ. ಮತ್ತೊಂದು ಅಪಾಯ ಲೂಪ್. ವೇಗ ಹೆಚ್ಚಲೆಂದು ಎರಡು ರೂಟರ್‌ಗಳ ಲ್ಯಾನ್ ಪೋರ್ಟ್‌ಗಳ ನಡುವೆ ಎರಡು ಕೇಬಲ್ ಹಾಕಿದರೆ ಎಲ್ಲರಿಗೂ ಕಳಿಸುವ ಒಂದೇ ಬ್ರಾಡ್‌ಕಾಸ್ಟ್ ಪ್ಯಾಕೆಟ್ (ಮಾಹಿತಿಯ ತುಣುಕು) ಸುತ್ತಿ ಸುತ್ತಿ ಕ್ಷಣಾರ್ಧದಲ್ಲಿ ಇಡೀ ಮನೆಯ ನೆಟ್‌ವರ್ಕ್ ನಿಂತುಹೋಗುತ್ತದೆ. ಎಲ್ಲ ಪೋರ್ಟ್‌ಗಳ ದೀಪವೂ ಒಂದೇ ಸಮನೆ ಹುಚ್ಚುಹಿಡಿದಂತೆ ಮಿನುಗುತ್ತಿದ್ದರೆ ಅದೇ ಕಾರಣ.

ಇಷ್ಟಾದ ಮೇಲೂ ಎರಡು ಸಾಧನಗಳು ಒಂದನ್ನೊಂದು ಕಾಣದಿದ್ದರೆ, ಅವುಗಳಲ್ಲೊಂದು ಗೆಸ್ಟ್ ವೈಫೈಯಲ್ಲಿದೆಯೇ, ಇಲ್ಲವೇ ಎಪಿ ಐಸೊಲೇಷನ್ ಆನ್ ಆಗಿದೆಯೇ ನೋಡಿ. ಇವೆರಡರ ಕೆಲಸವೇ ಒಂದೇ ವೈಫೈಯಲ್ಲಿರುವವರನ್ನು ಪರಸ್ಪರ ದೂರವಿಡುವುದು.

ಎರಡು ನೆಟ್‌ವರ್ಕ್ ಇದ್ದೂ ಏನೂ ಮಾಡದೆ ಸಿಗುವ ದಾರಿ

ಮಹಡಿಯ ರೂಟರಿನ ವ್ಯಾನ್ ಪೋರ್ಟ್ ಕೆಳಗಿನ ರೂಟರಿನ ಲ್ಯಾನ್ ಪೋರ್ಟಿಗೆ ಜೋಡಣೆಯಾಗಿದೆ ಎಂದಿಟ್ಟುಕೊಳ್ಳಿ. ಮುಂದಿನ ಎಲ್ಲ ಉದಾಹರಣೆಗೂ ಇದೇ ವಿಳಾಸಗಳು: ಕೆಳಗಿನ ರೂಟರ್ 192.168.1.1, ಪ್ರಿಂಟರ್ 192.168.1.60. ಮಹಡಿಯ ರೂಟರಿನ ವ್ಯಾನ್ 192.168.1.2, ಲ್ಯಾನ್ 192.168.20.1, ನ್ಯಾಸ್ 192.168.20.50. ಮಾಸ್ಕ್ ಎಲ್ಲೆಡೆ 255.255.255.0.

ಇಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. ಮಹಡಿಯಿಂದ ಕೆಳಕ್ಕೆ ದಾರಿ ಆಗಲೇ ತೆರೆದಿದೆ. ಮಹಡಿಯ ಲ್ಯಾಪ್‌ಟಾಪ್ 192.168.1.60ಕ್ಕೆ ಪ್ಯಾಕೆಟ್ ಕಳಿಸಿದರೆ ಮಹಡಿಯ ರೂಟರ್ ನ್ಯಾಟ್ ಮಾಡಿ, ಅದು ತನ್ನಿಂದಲೇ ಬಂದಂತೆ 192.168.1.2ರ ಹೆಸರಿನಲ್ಲಿ ಕಳಿಸುತ್ತದೆ. ಪ್ರಿಂಟರಿಗೆ 192.168.1.2 ತನ್ನದೇ ಬೀದಿಯ ವಿಳಾಸ, ನೇರ ಉತ್ತರ ಕೊಡುತ್ತದೆ. ಕೆಳಗಿನಿಂದ ಮಹಡಿಗೆ ಮಾತ್ರ ದಾರಿ ಇಲ್ಲ. 192.168.20.50 ಎಲ್ಲಿದೆ ಎಂದು ಕೆಳಗಿನ ರೂಟರಿಗೆ ಗೊತ್ತಿಲ್ಲದೆ ಅದು ಪ್ಯಾಕೆಟನ್ನು ಫೈಬರ್ ಕಂಪನಿಯ ಕಡೆಗೆ ತಳ್ಳುತ್ತದೆ, ಅದು ಅಲ್ಲಿ ಸಾಯುತ್ತದೆ.

ಹಾಗಾಗಿ ಎರಡೂ ಕಡೆಯವರು ಬಳಸುವ ಪ್ರಿಂಟರ್, ನ್ಯಾಸ್, ಡಿವಿಆರ್ (ಸಿಸಿಟಿವಿ ರೆಕಾರ್ಡರ್) ಇವುಗಳನ್ನು ಕೆಳಗಿನ ರೂಟರಿಗೇ ಜೋಡಿಸಿ. ನ್ಯಾಸ್ ಮಹಡಿಯಲ್ಲೇ ಇರಬೇಕೆಂದರೆ, ಮಹಡಿಯ ರೂಟರಿನ ಮುಂಚೆ ಐದು ಪೋರ್ಟಿನ ಒಂದು ಸ್ವಿಚ್ ಇಟ್ಟು, ಕೆಳಗಿನಿಂದ ಬಂದ ಕೇಬಲ್, ರೂಟರಿನ ವ್ಯಾನ್, ನ್ಯಾಸ್ ಮೂರನ್ನೂ ಅದಕ್ಕೆ ಚುಚ್ಚಿ. ಒಂದು ಸೆಟ್ಟಿಂಗನ್ನೂ ಮುಟ್ಟದೆ ಕೆಲಸ ಮುಗಿಯಿತು.

ಪ್ರಿಂಟರ್ ಮಾತ್ರ ತಾನಾಗಿ ಪಟ್ಟಿಯಲ್ಲಿ ಕಾಣಿಸದು. ಸಾಧನಗಳು ಒಂದನ್ನೊಂದು ಹುಡುಕುವುದು ಮಲ್ಟಿಕಾಸ್ಟ್ ಕೂಗಿನಿಂದ, ಅಂದರೆ ಒಮ್ಮೆಗೇ ಹಲವರಿಗೆ ಕಳಿಸುವ ಸಂದೇಶದಿಂದ. ಏರ್‌ಪ್ರಿಂಟ್, ಕ್ರೋಮ್‌ಕಾಸ್ಟ್ ಬಳಸುವ ಎಂಡಿಎನ್‌ಎಸ್ 224.0.0.251ಕ್ಕೆ ಪೋರ್ಟ್ (ಇಲ್ಲಿ ಕೇಬಲ್ ಚುಚ್ಚುವ ಜಾಗವಲ್ಲ, ಒಂದೊಂದು ಸೇವೆಯ ಬಾಗಿಲಿನ ಸಂಖ್ಯೆ) 5353ರಲ್ಲಿ, ಟಿವಿಗಳ ಡಿಎಲ್‌ಎನ್‌ಎ (ಮನೆಯೊಳಗಿನ ವಿಡಿಯೋ, ಹಾಡುಗಳನ್ನು ಟಿವಿಗೆ ತರುವ ವ್ಯವಸ್ಥೆ) 239.255.255.250ಕ್ಕೆ ಪೋರ್ಟ್ 1900ರಲ್ಲಿ ಕೂಗು ಹಾಕುತ್ತವೆ. ಈ ಕೂಗು ರೂಟರ್ ದಾಟುವುದಿಲ್ಲ. ಆದ್ದರಿಂದ ವಿಂಡೋಸ್‌ನಲ್ಲಿ ಪ್ರಿಂಟರನ್ನು ಟಿಸಿಪಿ/ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ಹಿಡಿದು 192.168.1.60 ಎಂದು ಟೈಪ್ ಮಾಡಿ. ಹೀಗೆ ಸೇರಿಸಿದ ಪ್ರಿಂಟರ್ ಸಾಮಾನ್ಯವಾಗಿ ಪೋರ್ಟ್ 9100ರಲ್ಲಿ ಕೆಲಸ ಮಾಡುತ್ತದೆ. ಪ್ರಿಂಟರಿನ ವಿಳಾಸ ನಾಳೆ ಬದಲಾಗದಂತೆ ಕೆಳಗಿನ ರೂಟರಿನಲ್ಲಿ ಅಡ್ರೆಸ್ ರಿಸರ್ವೇಷನ್ ಮಾಡಿಡಿ. ಟಿವಿಗೆ ಬೇಕಾದ್ದು ಡಿಎಲ್‌ಎನ್‌ಎ ಒಂದೇ ಆಗಿದ್ದರೆ ಟಿವಿ ಮತ್ತು ನ್ಯಾಸ್ ಎರಡನ್ನೂ ಒಂದೇ ನೆಟ್‌ವರ್ಕಿನಲ್ಲಿಡುವುದೇ ಸರಿ. ಜೆಲ್ಲಿಫಿನ್‌ನಂಥ ವಿಡಿಯೋ ಸರ್ವರ್ ಆದರೆ ವಿಳಾಸದ ಜೊತೆ ಪೋರ್ಟ್ 8096 ಕೊಟ್ಟು ನೇರ ತಲುಪಬಹುದು.

ಎರಡೂ ದಿಕ್ಕಿಗೆ ದಾರಿ: ಸ್ಟ್ಯಾಟಿಕ್ ರೂಟ್

ಈಗ ನಿಜವಾದ ರೂಟಿಂಗ್. ಮಹಡಿಯ ರೂಟರ್ ನ್ಯಾಟ್ ಮಾಡುವುದನ್ನು ಬಿಟ್ಟು ಪ್ಯಾಕೆಟ್‌ಗಳನ್ನು ಇದ್ದ ಹಾಗೆ ದಾಟಿಸಬೇಕು. ಮಹಡಿಗೆ ಹೋಗುವ ದಾರಿ ಯಾವುದೆಂದು ಕೆಳಗಿನ ರೂಟರಿಗೆ ತಿಳಿಸಬೇಕು. ಶುರುಮಾಡುವ ಮುಂಚೆ ಕೆಳಗಿನ ರೂಟರಿನಲ್ಲಿ ಸ್ಟ್ಯಾಟಿಕ್ ರೂಟ್ ಅಥವಾ ಅಡ್ವಾನ್ಸ್‌ಡ್ ರೂಟಿಂಗ್ ಎಂಬ ಪುಟ ಇದೆಯೇ, ಮಹಡಿಯ ರೂಟರಿನಲ್ಲಿ ನ್ಯಾಟ್ ಆಫ್ ಮಾಡುವ ಗುಂಡಿ ಇದೆಯೇ ನೋಡಿ. ಎರಡರಲ್ಲಿ ಒಂದಿಲ್ಲದಿದ್ದರೂ ಈ ದಾರಿ ಬಿಟ್ಟು ಮುಂದಿನ ಪೋರ್ಟ್ ಫಾರ್ವರ್ಡಿಂಗ್ ಭಾಗಕ್ಕೆ ಹೋಗಿ.

ಮೊದಲು ಮಹಡಿಯ ರೂಟರ್. ಲ್ಯಾನ್ ವಿಳಾಸ 192.168.20.1 ಮಾಡಿ. 0 ಮತ್ತು 1ರ ಸಾಲುಗಳನ್ನು ಬಿಟ್ಟು ಬೇರೆ ಸಂಖ್ಯೆ ಆರಿಸುವುದಕ್ಕೆ ಕಾರಣವಿದೆ: ಆಫೀಸ್, ಹೋಟೆಲ್, ನೆಂಟರ ಮನೆ ಎಲ್ಲ ಕಡೆ ಅವೇ ಇರುತ್ತವೆ, ಮುಂದೆ ವಿಪಿಎನ್ (ಇಂಟರ್ನೆಟ್ ಮೂಲಕ ದೂರದ ನೆಟ್‌ವರ್ಕನ್ನು ಸೇರಿಸುವ ಖಾಸಗಿ ಸುರಂಗ) ಹಾಕಿದಾಗ ಡಿಕ್ಕಿಯಾಗುತ್ತದೆ. ವ್ಯಾನ್ ಬಗೆಯನ್ನು ಡೈನಾಮಿಕ್‌ನಿಂದ ಸ್ಟ್ಯಾಟಿಕ್ ಐಪಿಗೆ ಬದಲಿಸಿ 192.168.1.2 ಕೊಡಿ, ಗೇಟ್‌ವೇ 192.168.1.1, ಡಿಎನ್‌ಎಸ್ಸೂ ಅದೇ.

ಮುಂದೆ ಕೆಳಗಿನ ರೂಟರ್. ಸ್ಟ್ಯಾಟಿಕ್ ರೂಟ್ ಪುಟದಲ್ಲಿ ಹೊಸ ಸಾಲು ಸೇರಿಸಿ. ತಲುಪಬೇಕಾದ ನೆಟ್‌ವರ್ಕ್ 192.168.20.0, ಮಾಸ್ಕ್ 255.255.255.0, ಗೇಟ್‌ವೇ 192.168.1.2, ಇಂಟರ್‌ಫೇಸ್ ಲ್ಯಾನ್. ಗೇಟ್‌ವೇ ಜಾಗದಲ್ಲಿ 192.168.20.1 ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಕೆಳಗಿನ ರೂಟರಿಗೆ ಆ ವಿಳಾಸ ಕೈಗೆಟಕುವುದೇ ಇಲ್ಲ, ತನ್ನ ಬದಿಗಿರುವ ಬಾಗಿಲನ್ನು ಮಾತ್ರ ಅದು ಬಲ್ಲದು. ಇಂಟರ್‌ಫೇಸ್ ವ್ಯಾನ್ ಎಂದು ಆರಿಸಿದರೂ ಅದೇ ಗತಿ.

ಕೊನೆಗೆ ಮತ್ತೆ ಮಹಡಿಗೆ ಬಂದು ನ್ಯಾಟ್ ಆಫ್ ಮಾಡಿ. ಓಪನ್‌ಡಬ್ಲ್ಯುಆರ್‌ಟಿಯಂಥದೇ ಇನ್ನೊಂದು ಸಾಫ್ಟ್‌ವೇರಾದ ಡಿಡಿ-ಡಬ್ಲ್ಯುಆರ್‌ಟಿಯಲ್ಲಿ ಇದಕ್ಕೆ ಆಪರೇಟಿಂಗ್ ಮೋಡನ್ನು ಗೇಟ್‌ವೇ ಬದಲು ರೂಟರ್ ಎಂದು ಆರಿಸಬೇಕು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಫೈರ್‌ವಾಲ್ ಪುಟದ ವ್ಯಾನ್ ಜೋನ್‌ನಲ್ಲಿ ಮಾಸ್ಕರೇಡಿಂಗ್ (ಅಲ್ಲಿ ನ್ಯಾಟ್‌ಗಿರುವ ಹೆಸರು) ಟಿಕ್ ತೆಗೆದು, ವ್ಯಾನ್‌ನಿಂದ ಲ್ಯಾನ್‌ಗೆ ಫಾರ್ವರ್ಡ್ ಬಿಡಬೇಕು. ಬರೀ ನ್ಯಾಟ್ ಆಫ್ ಮಾಡಿ ಫೈರ್‌ವಾಲ್ ಹಾಗೇ ಬಿಟ್ಟರೆ ಹೊರಗಿನಿಂದ ಬಂದದ್ದೆಲ್ಲ ಬಾಗಿಲಲ್ಲೇ ನಿಲ್ಲುತ್ತದೆ. ಅಂಗಡಿಯ ಮಾಮೂಲಿ ರೂಟರ್‌ಗಳಲ್ಲಿ ಇದು ಎಸ್‌ಪಿಐ ಫೈರ್‌ವಾಲ್ ಎಂಬ ಹೆಸರಿನಲ್ಲಿರುತ್ತದೆ. ಮಹಡಿಯ ರೂಟರಿನ ಎದುರಿಗಿರುವುದು ಇಂಟರ್ನೆಟ್ ಅಲ್ಲ, ನಿಮ್ಮದೇ ಕೆಳಮನೆ. ಹಾಗಾಗಿ ಅಲ್ಲಿ ಅದನ್ನು ತೆಗೆಯಬಹುದು. ಕೆಳಗಿನ ರೂಟರಿನ ಫೈರ್‌ವಾಲನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ನ್ಯಾಟ್ ತೆಗೆದ ತಕ್ಷಣ ಮಹಡಿಯಲ್ಲಿ ಇಂಟರ್ನೆಟ್ ಹೋದರೆ ಎರಡು ಸಾಧ್ಯತೆ. ಕೆಳಗೆ ರೂಟ್ ಸೇರಿಸಿದ್ದು ಉಳಿದಿಲ್ಲ, ಅಥವಾ ಕೆಳಗಿನ ಪೆಟ್ಟಿಗೆ ತನ್ನ 192.168.1 ಸಾಲಿನ ವಿಳಾಸಗಳಿಗೆ ಮಾತ್ರ ನ್ಯಾಟ್ ಮಾಡುತ್ತದೆ, 192.168.20ರವರನ್ನು ಹೊರಗೆ ಬಿಡುವುದಿಲ್ಲ. ಎರಡನೆಯದಾದರೆ ಮಹಡಿಯಲ್ಲಿ ನ್ಯಾಟ್ ಮತ್ತೆ ಆನ್ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಪಿಂಗ್ ಏನು ಹೇಳುತ್ತದೆ

ಕೆಳಗಿನ ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಕ್ರಮದಲ್ಲಿ ಪಿಂಗ್ ಮಾಡಿ (ping ಎಂದು ಬರೆದು ವಿಳಾಸ ಕೊಟ್ಟರೆ ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ತಿಳಿಯುತ್ತದೆ): 192.168.1.2, ಆಮೇಲೆ 192.168.20.1, ಕೊನೆಗೆ 192.168.20.50. ಎಲ್ಲಿ ನಿಂತಿತೋ ಅಲ್ಲೇ ತೊಂದರೆ. ಉತ್ತರ ಬಂದಿಲ್ಲ ಎಂದಷ್ಟೇ ನೋಡಿ ಬಿಡಬೇಡಿ, ಏನೆಂದು ಬಂತು, ಯಾರಿಂದ ಬಂತು ಎಂದು ಓದಿ.

ರಿಕ್ವೆಸ್ಟ್ ಟೈಮ್ಡ್ ಔಟ್ ಎಂದು ಬಂದರೆ ಪ್ಯಾಕೆಟ್ ಹೋಗಿದೆ, ವಾಪಸ್ ಬಂದಿಲ್ಲ. ಕೆಳಗಿನ ರೂಟರ್ ಅದನ್ನು ಕಂಪನಿ ಕಡೆ ಕಳಿಸಿರಬಹುದು, ಇಲ್ಲವೇ ಯಾವುದೋ ಫೈರ್‌ವಾಲ್ ನುಂಗಿರಬಹುದು. ಪ್ಯಾಕೆಟ್ ಹಾದುಹೋಗುವ ದಾರಿ ತೋರಿಸುವ ಟ್ರೇಸರ್ಟ್ (tracert) ಓಡಿಸಿ. ಮೊದಲ ಹೆಜ್ಜೆ 192.168.1.1, ಎರಡನೆಯದು 192.168.1.2 ಇರಬೇಕು. ಎರಡನೆಯದರಲ್ಲಿ ಕಂಪನಿಯ ವಿಳಾಸ ಕಂಡರೆ ರೂಟ್ ಕೂತಿಲ್ಲ.

ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ ಎಂಬ ಮಾತು 192.168.1.2ರಿಂದ ಬಂದರೆ ಸಂತೋಷಪಡಿ. ಪ್ಯಾಕೆಟ್ ಮಹಡಿಯ ರೂಟರ್ ತನಕ ತಲುಪಿದೆ, ನ್ಯಾಸ್ ಆಫ್ ಆಗಿದೆ ಅಥವಾ ಅದರ ವಿಳಾಸ ಬದಲಾಗಿದೆ. ಅದೇ ಮಾತು ನಿಮ್ಮ ಕಂಪ್ಯೂಟರಿನ ಸ್ವಂತ ವಿಳಾಸದಿಂದಲೇ ಬಂದರೆ ಹೆಚ್ಚಾಗಿ ಮಾಸ್ಕ್ ತಪ್ಪಿರುತ್ತದೆ. ಮಾಸ್ಕ್ 255.255.0.0 ಎಂದಿದ್ದರೆ ಕಂಪ್ಯೂಟರಿಗೆ 192.168ರಿಂದ ಶುರುವಾಗುವುದೆಲ್ಲ ಪಕ್ಕದ ಮನೆಯೇ. ರೂಟರಿಗೆ ಕೊಡದೆ ತಾನೇ ಕೂಗಿ ಕರೆದು, ಯಾರೂ ಓಗೊಡದೆ ಸುಮ್ಮನಾಗುತ್ತದೆ.

ಎಲ್ಲ ಸರಿಯಿದ್ದೂ ವಿಂಡೋಸ್ ಕಂಪ್ಯೂಟರೊಂದು ಮಾತ್ರ ಇನ್ನೊಂದು ಬದಿಗೆ ಉತ್ತರ ಕೊಡದಿದ್ದರೆ ಅದರ ಸ್ವಂತ ಫೈರ್‌ವಾಲ್ ನೋಡಿ. ಪ್ರೈವೇಟ್ ನೆಟ್‌ವರ್ಕ್ ಎಂದು ಗುರುತಿಸಿದ್ದರೂ ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ನಿಯಮಗಳು ಲೋಕಲ್ ಸಬ್‌ನೆಟ್‌ನವರಿಗೆ, ಅಂದರೆ ತನ್ನದೇ ಸಾಲಿನವರಿಗೆ, ಮಾತ್ರ ಬಾಗಿಲು ತೆಗೆಯುತ್ತವೆ. ಆ ನಿಯಮಗಳನ್ನು ತೆರೆದು ಸ್ಕೋಪ್ ಎಂಬಲ್ಲಿ ರಿಮೋಟ್ ವಿಳಾಸಗಳ ಪಟ್ಟಿಗೆ 192.168.20.0/24 (192.168.20ರ ಇಡೀ ಸಾಲು) ಸೇರಿಸಿ. ಫೈರ್‌ವಾಲನ್ನೇ ಆಫ್ ಮಾಡುವುದು ಪರೀಕ್ಷೆಗೆ ಎರಡು ನಿಮಿಷ ಸರಿ, ಪರಿಹಾರವಾಗಿ ಅಲ್ಲ.

ಡಿವಿಆರ್, ಐಪಿ ಕ್ಯಾಮೆರಾಗಳದ್ದು ಬೇರೆಯೇ ಕಥೆ. ಡಾಹುವಾ ಕ್ಯಾಮೆರಾಗಳು 192.168.1.108, ಹಿಕ್‌ವಿಷನ್‌ನವು 192.168.1.64 ಎಂಬ ವಿಳಾಸ ಹೊತ್ತು ಕಾರ್ಖಾನೆಯಿಂದ ಬರುತ್ತವೆ. ಅಳವಡಿಸಿದವರು ವಿಳಾಸ ಮಾತ್ರ ಬದಲಿಸಿ ಗೇಟ್‌ವೇ ಜಾಗವನ್ನು ಖಾಲಿಯೋ ತಪ್ಪೋ ಬಿಟ್ಟುಹೋಗಿರುತ್ತಾರೆ. ಅದೇ ನೆಟ್‌ವರ್ಕಿನಿಂದ ನೋಡುವಾಗ ಗೇಟ್‌ವೇ ಬೇಕಾಗುವುದಿಲ್ಲ, ಹಾಗಾಗಿ ಎಲ್ಲ ಸರಿಯಾಗಿದೆ ಎನಿಸುತ್ತದೆ. ಇನ್ನೊಂದು ನೆಟ್‌ವರ್ಕಿನಿಂದ ಕೇಳಿದಾಗ ಪ್ರಶ್ನೆ ಕ್ಯಾಮೆರಾಗೆ ತಲುಪುತ್ತದೆ, ಉತ್ತರ ಯಾವ ಕಡೆ ಕಳಿಸಬೇಕೆಂದು ಅದಕ್ಕೆ ತಿಳಿಯದು. ಎರಡು ನೆಟ್‌ವರ್ಕ್ ಜೋಡಿಸುವಾಗಿನ ತೊಂದರೆಗಳಲ್ಲಿ ಬಹುಪಾಲು ಹೀಗೆ ಹೋಗುವ ದಾರಿಯಲ್ಲಿರದೆ ಬರುವ ದಾರಿಯಲ್ಲಿರುತ್ತವೆ.

ಪಿಂಗ್ ಆಗುತ್ತದೆ, ಫೈಲ್ ತೆರೆಯುವುದಿಲ್ಲ

ತಲೆಕೆಡಿಸುವ ಘಟ್ಟ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಕೆಳಗಿನ ಕಂಪ್ಯೂಟರ್ 192.168.1.10 ಮಹಡಿಯ ನ್ಯಾಸ್‌ಗೆ ಸಂಪರ್ಕ ಕೇಳುತ್ತದೆ. ಪ್ಯಾಕೆಟ್ ತನ್ನ ಗೇಟ್‌ವೇ 192.168.1.1ಕ್ಕೆ ಹೋಗಿ, ಅಲ್ಲಿಂದ 192.168.1.2ಕ್ಕೆ ತಿರುಗಿ, ನ್ಯಾಸ್ ತಲುಪುತ್ತದೆ. ನ್ಯಾಸ್ ಉತ್ತರವನ್ನು ಮಹಡಿಯ ರೂಟರಿಗೆ ಕೊಡುತ್ತದೆ. ಆ ರೂಟರಿನ ವ್ಯಾನ್ ಮತ್ತು ಕಂಪ್ಯೂಟರ್ ಒಂದೇ 192.168.1 ಸಾಲಿನಲ್ಲಿವೆ. ಹಾಗಾಗಿ ಅದು ಉತ್ತರವನ್ನು ಕೆಳಗಿನ ರೂಟರಿಗೆ ತೋರಿಸದೆ ನೇರವಾಗಿ ಕಂಪ್ಯೂಟರಿಗೆ ಕೊಡುತ್ತದೆ. ಹೋಗುವಾಗ ಮೂರು ಹೆಜ್ಜೆ, ಬರುವಾಗ ಎರಡೇ.

ಕೆಳಗಿನ ರೂಟರಿಗೆ ಈ ಸಂಭಾಷಣೆಯ ಒಂದೇ ಪಕ್ಕ ಕೇಳಿಸುತ್ತದೆ. ಟಿಸಿಪಿ ಸಂಪರ್ಕ ಸರಿಯಾಗಿ ಶುರುವಾದದ್ದನ್ನು ಅದು ಕಂಡೇ ಇಲ್ಲ. ಫೈರ್‌ವಾಲ್ ಕಟ್ಟುನಿಟ್ಟಿನದಾಗಿದ್ದರೆ ಮುಂದಿನ ಪ್ಯಾಕೆಟ್‌ಗಳು ಅಸಿಂಧು ಎಂದು ಎಸೆಯುತ್ತದೆ. ಪಿಂಗ್‌ಗೆ ಇಂಥ ಕಟ್ಟುಪಾಡಿಲ್ಲದ್ದರಿಂದ ಅದು ಸಲೀಸಾಗಿ ಆಗುತ್ತದೆ. ಲಕ್ಷಣ: ಪಿಂಗ್ ಚೆನ್ನಾಗಿದೆ, ನ್ಯಾಸ್‌ನ ಪುಟ ಅರ್ಧ ತೆರೆದು ನಿಲ್ಲುತ್ತದೆ, ಫೈಲ್ ಕಾಪಿ ಶುರುವಾಗಿ ಕಡಿದುಹೋಗುತ್ತದೆ. ಎಲ್ಲ ರೂಟರ್‌ಗಳೂ ಹೀಗೆ ಮಾಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದು ಎದುರಾಗುವುದೇ ಇಲ್ಲ. ಎದುರಾದರೆ ಕಾರಣ ತಿಳಿದಿರಬೇಕು.

ಪರಿಹಾರ ಕಂಪ್ಯೂಟರಿಗೇ ದಾರಿ ಹೇಳಿಕೊಡುವುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ರೂಟ್, ಅಡ್ಡಗೆರೆ ಸೇರಿಸಿದ ಪಿ, ಆ್ಯಡ್ ಎಂಬ ಪದಗಳನ್ನು ಬರೆದು 192.168.20.0 ಹಾಕಿ, ಮಾಸ್ಕ್ ಎಂಬ ಪದದ ಮುಂದೆ 255.255.255.0, ಕೊನೆಗೆ 192.168.1.2 ಬರೆದು (route -p add 192.168.20.0 mask 255.255.255.0 192.168.1.2) ಎಂಟರ್ ಒತ್ತಿ. ಆ ಪಿ ಇಲ್ಲದಿದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ದಾರಿ ಅಳಿಸಿಹೋಗುತ್ತದೆ. ಇನ್ನು ಮುಂದೆ ಕಂಪ್ಯೂಟರ್ ನೇರ ಮಹಡಿಯ ರೂಟರಿಗೇ ಕೊಡುತ್ತದೆ, ಎರಡೂ ದಿಕ್ಕು ಒಂದೇ ದಾರಿಯಾಯಿತು. ಕೆಳಗಿನ ರೂಟರಿನಲ್ಲಿ ಡಿಎಚ್‌ಸಿಪಿ ಆಪ್ಷನ್ 121 ಕೊಡುವ ಅನುಕೂಲವಿದ್ದರೆ ಅದನ್ನು ಒಪ್ಪುವ ಸಾಧನಗಳಿಗೆಲ್ಲ ಒಮ್ಮೆಗೇ ಇದೇ ದಾರಿ ಹಂಚಬಹುದು. ಪ್ರಿಂಟರ್, ಟಿವಿಗಳಿಗೆ ಕೈಯಾರೆ ಹೀಗೆ ಹೇಳಿಕೊಡಲು ಆಗದು.

ಕಂಪನಿಯ ಪೆಟ್ಟಿಗೆ ಬಗ್ಗದಿದ್ದರೆ: ಪೋರ್ಟ್ ಫಾರ್ವರ್ಡಿಂಗ್

ಎಷ್ಟೋ ಫೈಬರ್ ಪೆಟ್ಟಿಗೆಗಳಲ್ಲಿ ಸ್ಟ್ಯಾಟಿಕ್ ರೂಟ್ ಪುಟ ಗ್ರಾಹಕರ ಲಾಗಿನ್‌ಗೆ ಕಾಣುವುದೇ ಇಲ್ಲ. ಅದರ ಜೊತೆ ಗುದ್ದಾಡುವುದಕ್ಕಿಂತ ಮಹಡಿಯ ರೂಟರಿನಲ್ಲಿ ನ್ಯಾಟ್ ಇದ್ದ ಹಾಗೇ ಬಿಟ್ಟು, ಬೇಕಾದ ಸೇವೆಗಷ್ಟೇ ಕಿಂಡಿ ತೆರೆಯುವುದು ಜಾಣತನ. ವರ್ಚುವಲ್ ಸರ್ವರ್ ಅಥವಾ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಫೈಲ್ ಹಂಚಿಕೆಗಾಗಿ ಹೊರಗಿನ ಪೋರ್ಟ್ 445, ಒಳಗಿನ ವಿಳಾಸ 192.168.20.50, ಒಳಗಿನ ಪೋರ್ಟ್ 445, ಟಿಸಿಪಿ ಎಂದು ಸೇರಿಸಿ. ಕೆಳಗಿನ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎರಡು ಹಿಂಬಾಗಿದ ಗೆರೆ (\\) ಹಾಕಿ 192.168.1.2 ಎಂದು ಬರೆದರೆ ನ್ಯಾಸ್ ತೆರೆಯುತ್ತದೆ. ಕ್ಯಾಮೆರಾದ ಆರ್‌ಟಿಎಸ್‌ಪಿಗೆ (ನೇರ ವಿಡಿಯೋ) ಪೋರ್ಟ್ 554, ಪ್ರಿಂಟರಿಗೆ 9100. ಎರಡು ನ್ಯಾಸ್ ಇದ್ದರೆ ತೊಡಕು, 445ನ್ನು ಒಬ್ಬರಿಗೆ ಮಾತ್ರ ಕೊಡಲು ಸಾಧ್ಯ.

ಕಂಪ್ಯೂಟರ್ ಇಲ್ಲಿ ಮಾತಾಡುವುದು 192.168.1.2ರ ಜೊತೆ ಮಾತ್ರ, ಉತ್ತರವೂ ಅಲ್ಲಿಂದಲೇ. ಅದಕ್ಕೇ ಮೇಲೆ ಹೇಳಿದ, ಹೋಗುವ ದಾರಿ ಒಂದು ಬರುವ ದಾರಿ ಇನ್ನೊಂದು ಎಂಬ ತೊಂದರೆ ಇದಕ್ಕೆ ತಟ್ಟುವುದಿಲ್ಲ. ಈ ಕಿಂಡಿಯನ್ನು ಮಹಡಿಯ ರೂಟರಿನಲ್ಲಿ ಮಾತ್ರ ತೆರೆಯಿರಿ. ಕೆಳಗಿನ ರೂಟರಿನಲ್ಲಿ 445 ತೆರೆದರೆ ನಿಮ್ಮ ಫೈಲುಗಳನ್ನು ಇಂಟರ್ನೆಟ್ಟಿಗೆ ಬಿಚ್ಚಿಟ್ಟಂತೆ.

ಎರಡು ಕಂಪನಿ, ಎರಡು ಸಂಪರ್ಕ

ಕೆಳಗೆ ಒಂದು ಕಂಪನಿಯ ಫೈಬರ್ 192.168.1.1ರಲ್ಲಿ, ಮಹಡಿಯಲ್ಲಿ ಇನ್ನೊಂದರದ್ದು 192.168.29.1ರಲ್ಲಿ. ಎರಡರ ಲ್ಯಾನ್ ಪೋರ್ಟ್‌ಗಳ ನಡುವೆ ಒಂದು ಕೇಬಲ್ ಹಾಕಿಬಿಟ್ಟರಾಯಿತು ಎಂದು ಹಲವರು ಹಾಕುತ್ತಾರೆ. ಆಗ ಎರಡು ಡಿಎಚ್‌ಸಿಪಿಗಳ ಜಗಳ ಶುರು. ಕೆಳಗಿನ ಟಿವಿ ಮಹಡಿಯ ಬಿಲ್ಲಿನಲ್ಲಿ ಸಿನಿಮಾ ನೋಡುತ್ತದೆ.

ನಡುವೆ ಮೂರನೆಯ ರೂಟರ್ ಬೇಕು. ಅಟ್ಟದ ಮೇಲಿರುವ ಹಳೆಯದಾದರೂ ನಡೆಯುತ್ತದೆ, ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದಾದ ಮಾದರಿಯಾದರೆ ಇನ್ನೂ ಅನುಕೂಲ. ಅದರ ವ್ಯಾನ್ ಪೋರ್ಟನ್ನು ಕೆಳಗಿನ ರೂಟರಿನ ಲ್ಯಾನ್‌ಗೆ, ಲ್ಯಾನ್ ಪೋರ್ಟನ್ನು ಮಹಡಿಯ ರೂಟರಿನ ಲ್ಯಾನ್‌ಗೆ ಜೋಡಿಸಿ. ವ್ಯಾನ್‌ಗೆ 192.168.1.250, ಲ್ಯಾನ್‌ಗೆ 192.168.29.250, ಡಿಎಚ್‌ಸಿಪಿ ಆಫ್, ವೈಫೈ ಆಫ್, ನ್ಯಾಟ್ ಆಫ್, ಎರಡೂ ದಿಕ್ಕಿಗೆ ಫಾರ್ವರ್ಡ್ ಆನ್. ಈ ಎರಡು ವಿಳಾಸಗಳೂ ಆಯಾ ಡಿಎಚ್‌ಸಿಪಿ ವ್ಯಾಪ್ತಿಯ ಹೊರಗಿರಲಿ. ಆಮೇಲೆ ಕೆಳಗಿನ ರೂಟರಿನಲ್ಲಿ 192.168.29.0ಕ್ಕೆ ಗೇಟ್‌ವೇ 192.168.1.250 ಎಂದೂ, ಮಹಡಿಯದರಲ್ಲಿ 192.168.1.0ಕ್ಕೆ ಗೇಟ್‌ವೇ 192.168.29.250 ಎಂದೂ ರೂಟ್ ಹಾಕಿ. ಎರಡೂ ಕಡೆ ಇಂಟರ್ನೆಟ್ ತಂತಮ್ಮ ಕಂಪನಿಯ ಮೂಲಕವೇ ಹೋಗುತ್ತದೆ, ಮನೆಯೊಳಗಿನದು ಮಾತ್ರ ಮೂರನೆಯ ಪೆಟ್ಟಿಗೆ ದಾಟುತ್ತದೆ. ಕಂಪನಿಯ ಪೆಟ್ಟಿಗೆಗಳು ರೂಟ್ ಒಪ್ಪದಿದ್ದರೆ ಮೇಲೆ ಹೇಳಿದಂತೆ ಕಂಪ್ಯೂಟರ್‌ಗಳಲ್ಲೇ ರೂಟ್ ಬರೆಯಿರಿ. ಆಗ ಎರಡೂ ತುದಿಯಲ್ಲಿ ಬರೆಯಬೇಕು ಎನ್ನುವುದು ನೆನಪಿರಲಿ.

ಎರಡು ಊರುಗಳಾದರೆ

ಬೆಂಗಳೂರಿನ ಮನೆ ಮತ್ತು ಊರಿನ ಅಪ್ಪ-ಅಮ್ಮನ ಮನೆಯನ್ನು ಜೋಡಿಸುವ ತತ್ವವೂ ಇದೇ. ಕೇಬಲಿನ ಜಾಗದಲ್ಲಿ ವೈರ್‌ಗಾರ್ಡ್‌ನಂಥ ವಿಪಿಎನ್ ಸುರಂಗ ಇರುತ್ತದೆ, ಅಷ್ಟೇ ವ್ಯತ್ಯಾಸ. ಎರಡೂ ಮನೆಯ ವಿಳಾಸದ ಸಾಲು ಬೇರೆಬೇರೆ ಇರಲೇಬೇಕು. ಪ್ರತಿ ತುದಿಯಲ್ಲೂ ಅಲೌಡ್ ಐಪಿಗಳ ಪಟ್ಟಿಯಲ್ಲಿ ಆಚೆ ಮನೆಯ ಸಾಲು ಇರಬೇಕು. ಪೋರ್ಟ್ ಸಾಮಾನ್ಯವಾಗಿ ಯುಡಿಪಿ 51820, ಕೀಪ್‌ಅಲೈವ್ (ಸುರಂಗ ಮುಚ್ಚದಂತೆ ಆಗಾಗ ಕಳಿಸುವ ಸಂದೇಶ) 25 ಸೆಕೆಂಡು. ಸುರಂಗದ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) ಮಾಮೂಲಾಗಿ 1420. ಪಿಪಿಪಿಒಇ (ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ) ಸಂಪರ್ಕವಾದರೆ 1412ಕ್ಕೆ ಇಳಿಸಿ. ಇಳಿಸದಿದ್ದರೆ ಸಣ್ಣ ಪುಟಗಳು ತೆರೆದು ದೊಡ್ಡ ಫೈಲುಗಳು ಸಿಕ್ಕಿಹಾಕಿಕೊಳ್ಳಬಹುದು.

ಇಲ್ಲಿ ಅಡ್ಡ ಬರುವುದು ಸಿಜಿನ್ಯಾಟ್. ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಅಥವಾ 10ರಿಂದ ಶುರುವಾಗಿದ್ದರೆ ಕಂಪನಿಯೇ ನಿಮ್ಮನ್ನು ಇನ್ನೊಂದು ನ್ಯಾಟ್‌ನ ಹಿಂದೆ ಕೂರಿಸಿದೆ, ಹೊರಗಿನಿಂದ ಯಾರೂ ನಿಮ್ಮ ಬಾಗಿಲು ತಟ್ಟಲಾರರು. ಎರಡು ಮನೆಗಳಲ್ಲಿ ಒಂದಕ್ಕಾದರೂ ಹೊರಗಿನಿಂದ ತಲುಪುವ ವಿಳಾಸ ಬೇಕು. ಕಂಪನಿಯಿಂದ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಬಹುದು. ಐಪಿವಿ6 ಸಿಗುತ್ತಿದ್ದು, ರೂಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ 51820 ಬಿಡಲು ಸಾಧ್ಯವಾದರೆ ಅದರ ಮೇಲೆಯೇ ಸುರಂಗ ಕಟ್ಟಬಹುದು, ಖರ್ಚಿಲ್ಲ. ಎರಡೂ ಆಗದಿದ್ದರೆ ಪ್ರತಿ ಮನೆಯಲ್ಲಿ ಸದಾ ಆನ್ ಇರುವ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಟ್ಟು, ಟೇಲ್‌ಸ್ಕೇಲ್ ಎಂಬ ವಿಪಿಎನ್ ಸೇವೆಯ ಸಬ್‌ನೆಟ್ ರೂಟರ್ (ಇಡೀ ಮನೆಯ ಸಾಲನ್ನು ಸುರಂಗಕ್ಕೆ ಸೇರಿಸುವ ಸಾಧನ) ಆಗಿ ಓಡಿಸಿ, ಅದು ಸಿಜಿನ್ಯಾಟ್ ಹಿಂದಿನಿಂದಲೂ ಕೆಲಸ ಮಾಡುತ್ತದೆ. ಆಚೆ ಮನೆಯ ಸಾಲಿಗೆ ಗೇಟ್‌ವೇ ಆ ಪೈ ಎಂದು ಆಯಾ ರೂಟರಿನಲ್ಲಿ ಸ್ಟ್ಯಾಟಿಕ್ ರೂಟ್ ಬರೆಯುವುದನ್ನು ಮರೆಯಬೇಡಿ. ಪೈಗೆ ಯುಪಿಎಸ್ ಕೊಡಿ, ಊರಿನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಮೆಮೊರಿ ಕಾರ್ಡ್ ಕೆಡುವ ಸಾಧ್ಯತೆ ಇರುತ್ತದೆ.